ಟ್ರಂಕಿನೊಳಗಿನ ಕಾಗದ

2022ರ ದೀಪಾವಳಿಯ ರಾತ್ರಿ. ನಂಜನಗೂಡು ತಾಲ್ಲೂಕಿನ ಒಂದು ಸಣ್ಣ ಹಳ್ಳಿ. ಬೀದಿಯ ಹುಡುಗರು ಆ ಮನೆಯ ಮುಂದೆಯೇ ಪಟಾಕಿಯ ಸರ ಹಚ್ಚಿದರು. ಕೊಟ್ಟಿಗೆಯ ಹಸು ಹಗ್ಗ ಜಗ್ಗಿತು. ಪಕ್ಕದ ಮನೆಯ ಕೂಸು ಕಿಟಾರನೆ ಕಿರುಚಿತು. ಜಗಲಿಯ ಮೇಲೆ ಗೋಡೆಗೆ ಮುಖ ಮಾಡಿ ಕುಳಿತಿದ್ದ ಮೂರೂವರೆ ವರ್ಷದ ಹುಡುಗ ಮಾತ್ರ ತೆಂಗಿನ ಚಿಪ್ಪಿಗೆ ಮಣ್ಣು ತುಂಬುತ್ತಲೇ ಇದ್ದ. ಅವನು ತಲೆ ಎತ್ತಲಿಲ್ಲ.

ಅದನ್ನು ಗಮನಿಸಿದವಳು ಎಂಟನೆಯ ತರಗತಿಯಲ್ಲಿ ಓದುತ್ತಿದ್ದ ಅವನ ಅಕ್ಕ. ಮನೆಯಲ್ಲಿ ಹೇಳಿದಾಗ ಅಜ್ಜಿ ನಕ್ಕುಬಿಟ್ಟರು. ‘ಗಂಡು ಕೂಸುಗಳಿಗೆ ಮಾತು ಬರೋದು ತಡ ಕಣವ್ವ. ನಿಮ್ಮಪ್ಪನೂ ಹಂಗೇ ಇದ್ದ’ ಎಂದರು. ಮಾತು ಅಲ್ಲಿಗೆ ನಿಂತಿತು.

ಎರಡು ತಿಂಗಳ ನಂತರ ಶಾಲೆಯಲ್ಲಿ ಶಬ್ದದ ಪಾಠ ಬಂತು. ಶಬ್ದವೆಂದರೆ ಕಂಪನ, ಅದು ಗಾಳಿಯಲ್ಲಷ್ಟೇ ಅಲ್ಲ ನೆಲದಲ್ಲೂ ಹರಿಯುತ್ತದೆ ಎಂದು ಪುಸ್ತಕ ಹೇಳಿತು. ಹುಡುಗಿ ಮನೆಗೆ ಬಂದವಳೇ ತಮ್ಮನ ಬೆನ್ನ ಹಿಂದೆ ನಿಂತು ಸ್ಟೀಲ್ ತಟ್ಟೆಗೆ ಸೌಟಿನಿಂದ ಬಾರಿಸಿದಳು. ಅವನು ತಿರುಗಲಿಲ್ಲ. ಆಮೇಲೆ ನೆಲವನ್ನು ಜೋರಾಗಿ ತುಳಿದಳು. ತಕ್ಷಣ ತಿರುಗಿ ನಕ್ಕ! ಮನೆಯವರೆಲ್ಲ ಇಷ್ಟು ದಿನ ಮೋಸಹೋದದ್ದು ಹೀಗೆ. ಕರೆದವರ ಹೆಜ್ಜೆಯ ಅದುರಿಗೆ, ಗೋಡೆಯ ಮೇಲೆ ಬೀಳುವ ನೆರಳಿಗೆ ಅವನು ತಿರುಗುತ್ತಿದ್ದ. ಕೇಳಿಸಿತೆಂದೇ ಎಲ್ಲರೂ ತಿಳಿದಿದ್ದರು.

2023ರ ಜನವರಿಯಲ್ಲಿ ತಾಯಿ ಮಗನನ್ನು ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಕರೆದೊಯ್ದಳು. ಪರೀಕ್ಷೆಗೆ ಮಗು ಗಾಢವಾಗಿ ಮಲಗಿರಬೇಕು. ಅದಕ್ಕಾಗಿ ಹಿಂದಿನ ರಾತ್ರಿ ಅವನನ್ನು ಮಲಗಿಸದೆ ತಾಯಿಯೂ ಅಕ್ಕನೂ ಸರದಿಯ ಮೇಲೆ ಆಡಿಸಿದ್ದರು. ನಿದ್ದೆ ಹೋದ ಮಗುವಿನ ತಲೆಗೆ ತಂತಿಗಳನ್ನು ಅಂಟಿಸಿ, ಕಿವಿಗೆ ಟಿಕ್ ಟಿಕ್ ಶಬ್ದ ಕೊಟ್ಟು, ನರಗಳು ಕೊಡುವ ಉತ್ತರವನ್ನು ಯಂತ್ರ ಬರೆದುಕೊಂಡಿತು. ಎರಡೂ ಕಿವಿಗಳಲ್ಲಿ 80 ಡೆಸಿಬಲ್‌ಗಿಂತ ಹೆಚ್ಚಿನ ಶ್ರವಣದೋಷ ಎಂಬ ವರದಿ ಬಂತು.

80 ಡೆಸಿಬಲ್ ಎಂದರೇನು? ಎದುರುಬದುರು ಕುಳಿತು ಆಡುವ ಮಾತು ಸುಮಾರು 60 ಡೆಸಿಬಲ್. 20ರ ಅಂತರ ತಾನೇ ಎನ್ನಿಸಬಹುದು. ಆದರೆ ಈ ಅಳತೆಯಲ್ಲಿ 10 ಹೆಚ್ಚಾದರೆ ಶಬ್ದದ ತೀವ್ರತೆ 10 ಪಟ್ಟು ಹೆಚ್ಚುತ್ತದೆ. 20 ಹೆಚ್ಚಾದರೆ 100 ಪಟ್ಟು. ಅಂದರೆ ಅವ್ವನ ಲಾಲಿ, ಅಜ್ಜಿಯ ಕಥೆ, ಅಕ್ಕನ ಕೂಗು ಯಾವುದೂ ಆ ಮಗುವನ್ನು ಮುಟ್ಟಿರಲೇ ಇಲ್ಲ. ಒಳಗಿವಿಯಲ್ಲಿ ಹಾಳಾದ ರೋಮಕೋಶಗಳು ಮನುಷ್ಯರಲ್ಲಿ ಮತ್ತೆ ಹುಟ್ಟುವುದೂ ಇಲ್ಲ. ಉಳಿದಿರುವ ದಾರಿಗಳಲ್ಲಿ ಒಂದು: ಶ್ರವಣಯಂತ್ರ ಹಾಕಿ, ಉಳಿದಷ್ಟು ಶ್ರವಣಶಕ್ತಿಯನ್ನು ಬಳಸಿಕೊಂಡು ಮಾತು ಕಲಿಸುವುದು. ಮೆದುಳು ಭಾಷೆಯನ್ನು ಸುಲಭವಾಗಿ ಹಿಡಿಯುವುದು ಬದುಕಿನ ಮೊದಲ ಕೆಲವು ವರ್ಷಗಳಲ್ಲಿ. ಆದ್ದರಿಂದಲೇ ಹುಟ್ಟಿದ ಒಂದು ತಿಂಗಳೊಳಗೆ ತಪಾಸಣೆ, ಮೂರು ತಿಂಗಳೊಳಗೆ ರೋಗನಿರ್ಣಯ, ಆರು ತಿಂಗಳೊಳಗೆ ಯಂತ್ರ ಮತ್ತು ತರಬೇತಿ ಎಂದು ತಜ್ಞರು ಹೇಳುತ್ತಾರೆ. ಈ ಹುಡುಗನಿಗೆ ಆಗಲೇ ಮೂರು ವರ್ಷ ಕಳೆದಿತ್ತು.

ಅಲ್ಲಿನವರು ವರದಿಯ ಜೊತೆಗೆ ಮುಂದಿನ ದಾರಿಯನ್ನೂ ತಿಳಿಸಿದರು. ಆದಾಯ ಪ್ರಮಾಣಪತ್ರವೂ ಅಂಗವೈಕಲ್ಯದ ಪ್ರಮಾಣಪತ್ರವೂ ಇದ್ದರೆ ಕೇಂದ್ರ ಸರ್ಕಾರದ ‘ಅಡಿಪ್’ ಯೋಜನೆಯಲ್ಲಿ ಶ್ರವಣಯಂತ್ರ ಉಚಿತ. ರಾಜ್ಯ ಸರ್ಕಾರದ ಮಾಸಾಶನವೂ ಉಂಟು. ತಾಯಿ ಸಮಾಧಾನದಿಂದ ಮನೆಗೆ ಬಂದಳು.

ಸಂಜೆ ಡೈರಿಗೆ ಹಾಲು ಹಾಕಿ ಬಂದ ತಂದೆ ವರದಿಯನ್ನು ಮಗಳ ಕೈಯಿಂದ ಓದಿಸಿಕೊಂಡ. ‘ಅಂಗವಿಕಲ’ ಎಂಬ ಮಾತು ಕಿವಿಗೆ ಬಿದ್ದದ್ದೇ ಮುಖ ಕೆಂಪಾಯಿತು. ‘ನನ್ ಮಗಂಗೆ ಕೈ ಇಲ್ವಾ, ಕಾಲ್ ಇಲ್ವಾ? ಸರ್ಕಾರದ ಮುಂದೆ ಕೈಯೊಡ್ಡಿ ಬೇಡೋ ಗತಿ ನಮಗೆ ಬಂದಿಲ್ಲ. ಇವತ್ತು ಹಣೆಪಟ್ಟಿ ಹಚ್ಚಿಸ್ಕೊಂಡ್ರೆ ನಾಳೆ ಇವನಿಗೆ ಹೆಣ್ಣು ಕೊಡೋರ್ಯಾರು?’ ಎಂದ. ವರದಿ ಟ್ರಂಕು ಸೇರಿತು.

ಅವನಿಗೆ ಮಗನ ಮೇಲೆ ಪ್ರೀತಿ ಇರಲಿಲ್ಲವೇ? ಇತ್ತು. ಸಾಲ ಮಾಡಿ ಅಂಗಡಿಯಿಂದ ಒಂದು ಕಿವಿಗೆ ಯಂತ್ರ ಕೊಂಡುತಂದ. ಅದನ್ನು ಮಗುವಿನ ಕಿವಿಗೆ ಸರಿಹೊಂದಿಸಿಕೊಡುವವರು ಇರಲಿಲ್ಲ. ಕರ್ಕಶ ಶಬ್ದಕ್ಕೆ ಹೆದರಿ ಹುಡುಗ ಅದನ್ನು ಕಿತ್ತೆಸೆಯುತ್ತಿದ್ದ. ಬ್ಯಾಟರಿ ಮುಗಿದ ಮೇಲೆ ಯಂತ್ರ ದೇವರ ಗೂಡಿನಲ್ಲಿ ಕುಂಕುಮದ ಭರಣಿಯ ಪಕ್ಕ ಕುಳಿತಿತು. ವಾರಕ್ಕೊಮ್ಮೆ ಮಾತಿನ ತರಬೇತಿಗೆ ಮೈಸೂರಿಗೆ ಹೋಗಬೇಕಿತ್ತು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದು ಹೆಂಗಸರಿಗೆ ಬಸ್ ಪ್ರಯಾಣ ಉಚಿತವಾದಾಗ ತಾಯಿಗೆ ಟಿಕೆಟ್ಟಿನ ಹಣ ಉಳಿಯಿತು. ಆದರೆ ಹೋದ ದಿನದ ಕೂಲಿ ಉಳಿಯಲಿಲ್ಲ. ಕಳೆ ಕೀಳುವ ಕಾಲ ಬಂದಾಗ ತರಬೇತಿ ನಿಂತೇಹೋಯಿತು. ಹೀಗೆ ಎಂಟು ತಿಂಗಳು ಕಳೆದವು.

ಸೆಪ್ಟೆಂಬರ್‌ನಲ್ಲಿ ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತ ಅವರ ಮನೆಗೆ ಬಂದರು. ಇಂಥ ಕಾರ್ಯಕರ್ತರು ಸ್ವತಃ ಅಂಗವಿಕಲರು. ಪೋಲಿಯೋದಿಂದ ಒಂದು ಕಾಲು ಸೋತಿದ್ದ ಅವರು ಮೂರು ಚಕ್ರದ ಸ್ಕೂಟರಿನಲ್ಲಿ ಹಳ್ಳಿ ಹಳ್ಳಿ ಸುತ್ತುವವರು. ಅಕ್ಕನೇ ಅವರನ್ನು ಕಂಡು ವಿಷಯ ಹೇಳಿದ್ದಳೆಂಬುದು ತಂದೆಗೆ ಗೊತ್ತಾದದ್ದು ಎಷ್ಟೋ ದಿನಗಳ ಮೇಲೆ.

ಬಂದವರು ಕಾನೂನಿನಿಂದ ಮಾತು ಆರಂಭಿಸಲಿಲ್ಲ. ಹಸುವಿನ ವಿಚಾರ ತೆಗೆದರು. ‘ಅಣ್ಣಾ, ಡೈರಿಗೆ ಹಾಲು ಹಾಕ್ತೀರಲ್ಲ, ಲೀಟರಿಗಿಷ್ಟು ಅಂತ ಸರ್ಕಾರದ ಪ್ರೋತ್ಸಾಹಧನ ಬರುತ್ತಾ?’

‘ಬರುತ್ತೆ. ಈ ಸಲ ಇನ್ನೂ ಬಂದಿಲ್ಲ, ಹೋಗಿ ಕೇಳ್ಬೇಕು.’

‘ಕೇಳೋಕೆ ನಾಚಿಕೆ ಆಗಲ್ವಾ?’

‘ನಾಚಿಕೆ ಯಾಕಪ್ಪಾ? ಅದು ನಮ್ಮ ಹಕ್ಕಿನ ದುಡ್ಡು.’

‘ಇದೂ ಹಂಗೇ ಅಣ್ಣಾ’ ಎಂದಷ್ಟೇ ಹೇಳಿ ಅವರು ಸುಮ್ಮನಾದರು.

ತಂದೆ ಬಹಳ ಹೊತ್ತು ಮಾತಾಡಲಿಲ್ಲ. ಬಳಿಕ ಎದ್ದುಹೋಗಿ ಟ್ರಂಕಿನ ಬೀಗ ತೆಗೆದ.

ಅಲ್ಲಿಂದ ಮುಂದಿನದು ಅಲೆದಾಟದ ಕಥೆ. ಜನನ ಪ್ರಮಾಣಪತ್ರದಲ್ಲಿ ತಂದೆಯ ಹೆಸರು ಒಂದು ರೀತಿ, ಆಧಾರ್‌ನಲ್ಲಿ ಇನ್ನೊಂದು ರೀತಿ. ವ್ಯತ್ಯಾಸ ಒಂದೇ ಒಂದು ‘ಹ’ಕಾರ. ಕಚೇರಿಯೊಂದರ ಗುಮಾಸ್ತರು ‘ಇವರಿಬ್ಬರೂ ಒಬ್ಬರೇ ಅಂತ ಹೆಂಗಮ್ಮ ನಂಬೋದು?’ ಎಂದು ಅರ್ಜಿಯನ್ನು ಹಿಂದಕ್ಕೆ ಸರಿಸಿದರು. ಮನೆಯಲ್ಲಿ ಹದಿನೈದು ವರ್ಷ ಕಂಡ ಗಂಡ ಒಬ್ಬನೇ ಎಂದು ರುಜುವಾತು ಮಾಡಲು ಆ ತಾಯಿ ಎರಡು ದಿನದ ಕೂಲಿ ಕಳೆದುಕೊಂಡಳು. ಹೆಸರು ತಿದ್ದುಪಡಿಯಾದ ಮೇಲೆ ನಾಡಕಚೇರಿಯಲ್ಲಿ ಆದಾಯ ಪ್ರಮಾಣಪತ್ರ, ಗ್ರಾಮ ಒನ್ ಕೇಂದ್ರದಲ್ಲಿ ಯು.ಡಿ.ಐ.ಡಿ. ಎಂಬ ವಿಶಿಷ್ಟ ಗುರುತಿನ ಚೀಟಿಗೆ ಅರ್ಜಿ, ಆಸ್ಪತ್ರೆಯಲ್ಲಿ ವೈದ್ಯರ ತಪಾಸಣೆ, ಮಗುವಿನ ಹೆಸರಿನಲ್ಲಿ ತಾಯಿ ಪೋಷಕಳಾಗಿ ಬ್ಯಾಂಕ್ ಖಾತೆ, ಆ ಖಾತೆಗೆ ಆಧಾರ್ ಜೋಡಣೆ, ಕೊನೆಗೆ ಮತ್ತೆ ನಾಡಕಚೇರಿಯಲ್ಲಿ ಮಾಸಾಶನದ ಅರ್ಜಿ.

ಇಷ್ಟೂ ದಿನ ಅಕ್ಕ ತನ್ನ ನೋಟ್‌ಬುಕ್ಕಿನ ಕೊನೆಯ ಹಾಳೆಗಳಲ್ಲಿ ಒಂದು ಲೆಕ್ಕ ಇಟ್ಟಳು. ಯಾವ ದಿನ, ಯಾವ ಕಚೇರಿ, ಯಾರು ಏನು ಹೇಳಿದರು, ಸ್ವೀಕೃತಿ ಚೀಟಿಯ ಸಂಖ್ಯೆ ಎಷ್ಟು. ಮೂಲ ಕಾಗದಗಳನ್ನು ತೋರಿಸುವುದು, ಆದರೆ ಕೊಟ್ಟು ಬರುವುದು ಜೆರಾಕ್ಸ್ ಪ್ರತಿಯನ್ನು ಮಾತ್ರ ಎಂದೂ ಬರೆದುಕೊಂಡಳು. ಒಮ್ಮೆ ‘ನಿಮ್ಮ ಅರ್ಜಿಯೇ ಬಂದಿಲ್ಲ’ ಎಂಬ ಉತ್ತರ ಬಂದಾಗ ತಾಯಿ ಆ ಹಾಳೆ ತೆರೆದು ಸಂಖ್ಯೆ ಓದಿ ಹೇಳಿದಳು. ಅರ್ಜಿ ಐದು ನಿಮಿಷದಲ್ಲಿ ಸಿಕ್ಕಿತು! ಪರೀಕ್ಷೆಯ ಅಂಕಕ್ಕೆ ಬಾರದ ಬರವಣಿಗೆ ಅದು. ಆದರೆ ಆ ಮನೆಗೆ ಅದಕ್ಕಿಂತ ಹೆಚ್ಚು ಉಪಕಾರಕ್ಕೆ ಬಂದ ಬರವಣಿಗೆ ಇನ್ನೊಂದಿಲ್ಲ.

2024ರ ಆರಂಭದಲ್ಲಿ ಎರಡೂ ಕಿವಿಗೆ ಯಂತ್ರ ಬಂತು, ಅದೂ ಪರೀಕ್ಷಿಸಿ ಸರಿಹೊಂದಿಸಿದ್ದು. ಸ್ವಲ್ಪ ದಿನಗಳಲ್ಲಿ ಮಾಸಾಶನವೂ ಮಂಜೂರಾಯಿತು. ದೊಡ್ಡ ಮೊತ್ತವೇನಲ್ಲ. ಆದರೆ ತರಬೇತಿಗೆ ಹೋದ ದಿನಗಳ ಕೂಲಿ ನಷ್ಟವನ್ನೂ ಬ್ಯಾಟರಿಯ ಖರ್ಚನ್ನೂ ಅದು ಒಂದಷ್ಟು ತುಂಬಿಕೊಟ್ಟಿತು. ಗುರುವಾರದ ಪ್ರಯಾಣ ಮತ್ತೆ ಶುರುವಾಯಿತು. ಟ್ರಂಕಿನಲ್ಲಿ ಕಳೆದ ಎಂಟು ತಿಂಗಳಿಗೆ ಮಾತ್ರ ಯಾವ ಖಜಾನೆಯೂ ಬಾಕಿ ಕೊಡಲಿಲ್ಲ. ಹಣದ ಬಾಕಿ ಹೋಗಲಿ. ಮಾತು ಕಲಿಯುವ ವಯಸ್ಸಿನ ಎಂಟು ತಿಂಗಳನ್ನು ಯಾರು ತಂದುಕೊಟ್ಟಾರು?

ಕಚೇರಿಗಳ ವಿಳಂಬವನ್ನು ಎಲ್ಲರೂ ಬಯ್ಯುತ್ತೇವೆ. ಬಯ್ಯಬೇಕಾದದ್ದೇ. ಆದರೆ ಈ ಮನೆಯಲ್ಲಿ ಕಚೇರಿಗಳು ತಿಂದ ಕಾಲಕ್ಕಿಂತ ಸಂಕೋಚ ತಿಂದ ಕಾಲವೇ ಹೆಚ್ಚು. ಇಂಥ ಟ್ರಂಕುಗಳು ಎಷ್ಟು ಮನೆಗಳಲ್ಲಿವೆಯೋ! 1995ರ ಕಾಯ್ದೆ ಏಳು ಬಗೆಯ ಅಂಗವೈಕಲ್ಯಗಳನ್ನು ಹೆಸರಿಸಿತ್ತು. 2016ರಲ್ಲಿ ಬಂದು 2017ರ ಏಪ್ರಿಲ್‌ನಲ್ಲಿ ಜಾರಿಯಾದ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ 21 ಬಗೆಗಳನ್ನು ಗುರುತಿಸುತ್ತದೆ. ಕಣ್ಣಿಗೆ ಕಾಣದ ಕಲಿಕಾ ದೋಷ, ಆಟಿಸಂ, ಥಲಸ್ಸೇಮಿಯಾ, ಕುಸುಮ ರೋಗ ಇವೆಲ್ಲ ಅದರಲ್ಲಿ ಸೇರಿವೆ. ಶೇಕಡಾ 40ಕ್ಕೆ ಕಡಿಮೆಯಿಲ್ಲದ ನ್ಯೂನತೆಯಿರುವ ಮಕ್ಕಳಿಗೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣ ಆ ಕಾಯ್ದೆ ಕೊಟ್ಟಿರುವ ಹಕ್ಕು. ಪರೀಕ್ಷೆಯಲ್ಲಿ ಹೆಚ್ಚಿನ ಸಮಯ, ರಿಯಾಯಿತಿ ದರದ ಬಸ್ ಪಾಸ್ ಮುಂತಾದುವಕ್ಕೂ ಬೇಕಾಗುವುದು ಅದೇ ಪ್ರಮಾಣಪತ್ರ. ಚಿಕ್ಕ ಮಕ್ಕಳಿಗೆ ಅನೇಕ ವೇಳೆ ನಿಗದಿತ ಅವಧಿಯ ಪ್ರಮಾಣಪತ್ರ ಕೊಡುತ್ತಾರೆ. ಅವಧಿ ಮುಗಿಯುವ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳುವುದು ಒಳ್ಳೆಯದು.

ಆ ಪ್ರಮಾಣಪತ್ರದಲ್ಲಿರುವ ಶೇಕಡಾ ಸಂಖ್ಯೆ ಕಿವಿಯ ಅಳತೆ. ಮಗುವಿನ ಬುದ್ಧಿ, ತುಂಟತನ, ನಾಳೆಯ ಬದುಕು ಯಾವುದನ್ನೂ ಅದು ಅಳೆಯುವುದಿಲ್ಲ. ಜ್ವರ ಅಳೆದರೆ ಮಗುವಿಗೆ ಅವಮಾನವೆಂದು ಯಾವ ತಂದೆಯೂ ತಿಳಿಯುವುದಿಲ್ಲ ಅಲ್ಲವೇ?

ಹುಡುಗ 2025ರ ಜೂನ್‌ನಲ್ಲಿ ಊರಿನ ಸರ್ಕಾರಿ ಶಾಲೆಯ ಒಂದನೆಯ ತರಗತಿಗೆ ಸೇರಿದ. ಮುಂದಿನ ಬೆಂಚಿನಲ್ಲಿ, ಮೇಡಂ ಅವರ ತುಟಿ ಕಾಣುವ ಕಡೆ ಕೂರುತ್ತಾನೆ. ಓರಗೆಯವರಷ್ಟು ಸ್ಪಷ್ಟವಾಗಿ ಮಾತು ಬರುವುದಿಲ್ಲ. ಕೆಲವು ಅಕ್ಷರಗಳು ನುಂಗಿಹೋಗುತ್ತವೆ. ಸಂಜೆ ಬೀದಿಯ ತುದಿಯಲ್ಲಿ ಹಾಲಿನ ಕ್ಯಾನಿನ ಸದ್ದಾದರೆ ‘ಅಪ್ಪ’ ಎಂದು ಎದ್ದು ಓಡುತ್ತಾನೆ.

ಅವನ ಕಾಗದಗಳು ಈಗ ಟ್ರಂಕಿನಲ್ಲಿಲ್ಲ. ಡೈರಿಯ ಪಾಸ್‌ಬುಕ್ ಇರುವ ಪ್ಲಾಸ್ಟಿಕ್ ಚೀಲದಲ್ಲೇ ಸೇರಿಕೊಂಡು, ನಡುಮನೆಯ ಮೊಳೆಗೆ ಎಲ್ಲರಿಗೂ ಕಾಣುವಂತೆ ನೇತಾಡುತ್ತಿವೆ. ಅಲ್ಲಿ ನೇತುಹಾಕಿದವನು ತಂದೆಯೇ.