ಕೌದಿಯೂ ಕರಡಿಗೊಂಬೆಯೂ

ಬಾಗಲಕೋಟೆ ಸೀಮೆಯ ಹಳ್ಳಿಮನೆಗಳಲ್ಲಿ ಹುಟ್ಟಿದ ಕೂಸಿನ ಮೈಗೆ ಸಾಮಾನ್ಯವಾಗಿ ಮೊದಲು ತಾಗುವುದು ಹೊಸ ಬಟ್ಟೆಯಲ್ಲ, ವರ್ಷಗಟ್ಟಲೆ ಉಟ್ಟು ಒಗೆದು ನೂಲೆಲ್ಲ ಮೆತ್ತಗಾದ ಅಜ್ಜಿಯ ಸೀರೆಯ ತುಂಡು. ಅಂಥ ಸೀರೆಗಳನ್ನು ಪದರಪದರವಾಗಿ ಹಾಸಿ, ಸಾಲುಸಾಲಾಗಿ ದಾರ ಓಡಿಸಿ ಹೊಲಿದ ಹೊದಿಕೆಯೇ ಕೌದಿ. ಮತ್ತೊಬ್ಬರು ಬಳಸಿದ್ದನ್ನು ತೊಟ್ಟಿಲಿಗೆ ಹಾಸಲು ಎಂದೂ ಹಿಂಜರಿಯದ ಜನ, ನೆಂಟರ ಮನೆಯಿಂದ ಬಂದ ಹಳೆಯ ಕರಡಿಗೊಂಬೆಯನ್ನು ಕಂಡು ಮೂಗು ಮುರಿಯುವುದು ವಿಚಿತ್ರವೆನಿಸಿದರೂ, ಆ ಅನುಮಾನ ತೀರ ಹುಸಿಯಲ್ಲ.

ಏಕೆಂದರೆ ಕೌದಿಗೆ ಹೊಟ್ಟೆಯಿಲ್ಲ, ಗೊಂಬೆಗೆ ಇದೆ. 1902ರಲ್ಲಿ ಅಮೆರಿಕದ ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ ಬೇಟೆಯಲ್ಲಿ ಕಟ್ಟಿಹಾಕಿದ ಕರಡಿಯನ್ನು ಕೊಲ್ಲಲೊಲ್ಲದ ಪ್ರಸಂಗದಿಂದ ಹೆಸರು ಪಡೆದ ಟೆಡ್ಡಿಯ ಒಡಲಲ್ಲಿ ಮೊದಮೊದಲು ತುಂಬುತ್ತಿದ್ದುದು ಮರದ ಸಣ್ಣ ಹೆರೆಗಳನ್ನು. ಈಗ ಆ ಜಾಗದಲ್ಲಿ ಪಾಲಿಯೆಸ್ಟರ್ ಎಳೆಗಳಿವೆ. ತೊಳೆದಾಗ ಮೇಲ್ಮೈ ಬೇಗ ಒಣಗಿದರೂ ಒಳಗೆ ಹಸಿ ಉಳಿದರೆ ಬೂಸು ಬೆಳೆಯುತ್ತದೆ. ಮನುಷ್ಯರ ಮೈಯಿಂದ ಉದುರಿದ ಚರ್ಮದ ಪುಡಿಯನ್ನು ತಿಂದು ಬದುಕುವ, ಕಣ್ಣಿಗೆ ಕಾಣದ ದೂಳುನುಸಿಗೂ ಅದೇ ಬೆಚ್ಚನೆಯ ಮನೆ, ಅದರ ಹಿಕ್ಕೆಯೇ ಹಲವು ಮಕ್ಕಳ ಸೀನಿಗೂ ಉಬ್ಬಸಕ್ಕೂ ಮೂಲ. ಹಿಂದೆ ಆಡಿದ ಮಗುವಿಗಿಂತ ಒಳಗುಳಿದ ತೇವವೇ ಹೆಚ್ಚು ಅಂಜಬೇಕಾದದ್ದು.

ಮಹಾನವಮಿಗೆ ಮುನ್ನ ಮನೆಯ ಹಾಸಿಗೆಯನ್ನೆಲ್ಲ ಹೊಳೆಗೊಯ್ದು ಒಗೆಯುವ ವಾಡಿಕೆ ಈ ಭಾಗದಲ್ಲಿದೆ. ಬಾದಾಮಿಯ ಅಗಸ್ತ್ಯತೀರ್ಥದ ಮೆಟ್ಟಿಲುಗಳ ಮೇಲಂತೂ ಬಟ್ಟೆ ಬಡಿಯುವ ಸದ್ದು ಕೆಂಬಂಡೆಗಳಿಗೆ ತಾಗಿ ಮರಳುತ್ತದೆ. ಹುನಗುಂದದಲ್ಲಿ ಬೆಳೆದ ಪ್ರಸ್ತುತ ಲೇಖಕಿಯ ನೆನಪಿನಲ್ಲಿ ಉಳಿದಿರುವುದು ಆ ಸದ್ದಿಗಿಂತ, ಮಾಳಿಗೆಯ ಮೇಲೆ ಹರವಿದ ಕೌದಿ ಒಣಗಿತೋ ಇಲ್ಲವೋ ಎಂದು ತಿಳಿಯಲು ಅಜ್ಜಿ ಅದನ್ನು ಕೆನ್ನೆಗೆ ಒತ್ತಿಕೊಳ್ಳುತ್ತಿದ್ದ ರೀತಿ. ಕೈಗೆ ತಿಳಿಯದ ತಂಪು ಕೆನ್ನೆಗೆ ತಿಳಿಯುತ್ತದೆ.

ಗೊಂಬೆಗೂ ಕೌದಿಯ ನ್ಯಾಯವೇ ಸಲ್ಲಬೇಕು. ಬೆನ್ನಿನ ಹೊಲಿಗೆ ಬಿಚ್ಚಿ, ಹೂರಣ ತೆಗೆದು (ಹೋಳಿಗೆಯ ನಾಡಿನಲ್ಲಿ ಬೇರೆ ಪದ ಹೊಳೆಯದು), ತೊಗಲನ್ನು ಒಳಮಗ್ಗುಲು ತಿರುವಿ, ಬಟ್ಟೆ ತಾಳುವುದಾದರೆ 60 ಡಿಗ್ರಿ ಸೆಲ್ಸಿಯಸ್ ಬಿಸಿನೀರಿನಲ್ಲಿ ಸಾಬೂನು ಹಾಕಿ ಒಗೆದರೆ ನುಸಿ ಸಾಯುತ್ತದೆ. ಅಷ್ಟು ಶಾಖ ತಾಳದ್ದನ್ನು ಚೀಲದಲ್ಲಿ ಕಟ್ಟಿ ಎರಡು ದಿನ ಫ್ರೀಜರ್‌ನಲ್ಲಿಡಬಹುದಾದರೂ, ಸತ್ತ ನುಸಿಯೂ ಅದರ ಹಿಕ್ಕೆಯೂ ಒಳಗೇ ಉಳಿಯುವುದರಿಂದ ಆಮೇಲೆ ಒಗೆಯದೆ ವಿಧಿಯಿಲ್ಲ. ಹೊಸ ಹೂರಣಕ್ಕೆ ಇಳಕಲ್ ಸೀರೆಯ ಹತ್ತಿಯ ಒಡಲು ಒದಗುತ್ತದೆ. ಒಡಲಿನ ಹಾಸುನೂಲಿಗೆ ಬೇರೆ ನೂಲಿನ ಕೊಂಡಿ ಹಾಕಿ ನೇಯುವ ಕೆಂಪು ಸೆರಗು ಬಣ್ಣ ಬಿಡಬಹುದಾದ್ದರಿಂದ ಅದನ್ನು ದೂರವಿಡುವುದೇ ಲೇಸು. ಕಿತ್ತು ಗಂಟಲಿಗೆ ಸಿಕ್ಕಬಹುದಾದ ಗುಂಡಿಗಣ್ಣುಗಳನ್ನು ತೆಗೆದು, ಕಸೂತಿ ಬಲ್ಲ ಕೈಗಳಿಂದ ದಾರದ ಕಣ್ಣು ಬರೆಸಬೇಕು.

ಬಿಸಿಲಿಗೆ ಇಲ್ಲಿ ಬರವಿಲ್ಲ. ಕೆನ್ನೆಗೆ ತಂಪು ತಾಗಿದರೆ ಇನ್ನೊಂದು ದಿನ ಒಣಗಲಿ. ಮೂರು ಬಿಸಿಲು ಕಂಡ ಮೇಲೂ ಮುಗ್ಗಲು ವಾಸನೆ ಬಿಡದ ಗೊಂಬೆ ತೊಟ್ಟಿಲಿಗೆ ಬೇಡ.