ಕಿಟಕಿಯ ಪಟ್ಟಿ, ಕರ್ಚೀಫಿನ ಪರೀಕ್ಷೆ

ನಮ್ಮ ಮನೆಯ ಹಾಲಿನಲ್ಲಿ ಪಶ್ಚಿಮಕ್ಕೆ ಮೂರು ಕಿಟಕಿಗಳಿವೆ. 36 ವರ್ಷ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದ ಕಾಲದಲ್ಲಿ ಅವಕ್ಕೆ ನಾನು ಹಾಕಿಸಿದ್ದು ಹತ್ತಿಯ ಪರದೆ, ಸ್ಪ್ರಿಂಗ್ ತಂತಿಗೆ ಪೋಣಿಸಿದ್ದು. ಯುಗಾದಿಗೊಮ್ಮೆ, ಗೌರಿ ಹಬ್ಬಕ್ಕೊಮ್ಮೆ ಬಿಚ್ಚಿ ಒಗೆದರೆ ಕೆಲಸ ಮುಗಿಯಿತು. ಮಗ ಮನೆಗೆ ಹೊಸ ಬಣ್ಣ ಹೊಡೆಸಿದಾಗ ಪರದೆಗಳು ಹೋಗಿ ಅಲ್ಯೂಮಿನಿಯಂ ಪಟ್ಟಿಗಳ ಬ್ಲೈಂಡ್ಸ್ ಬಂದವು. ನೋಡಲು ಚೆಂದ, ಬಿಸಿಲನ್ನು ಬೇಕಾದಷ್ಟೇ ಒಳಗೆ ಬಿಡುತ್ತವೆ, ಒಪ್ಪುತ್ತೇನೆ. ಆದರೆ ಒಂದೊಂದು ಪಟ್ಟಿಯೂ ಧೂಳು ಕೂರಲೆಂದೇ ಹಾಕಿದ ಬೆಂಚು!

ನಾವಿರುವುದು ಜಯನಗರ 9ನೇ ಬ್ಲಾಕಿನಲ್ಲಿ, ಮಾರೇನಹಳ್ಳಿ ರಸ್ತೆಗೆ ಹತ್ತಿರ. ಆ ರಸ್ತೆಯ ಮೇಲೆಯೇ ರಾಗಿಗುಡ್ಡದ ಕಡೆಯಿಂದ ಸಿಲ್ಕ್ ಬೋರ್ಡ್‌ವರೆಗೆ ಕೆಳಗೆ ರಸ್ತೆ, ನಡುವೆ ಮೇಲ್ಸೇತುವೆ, ಅದರ ಮೇಲೆ ಮೆಟ್ರೊ ಎದ್ದು ನಿಂತವು. ಅಷ್ಟು ದೊಡ್ಡ ಕೆಲಸ ನಡೆದ ಕಡೆ ಧೂಳು ಏಳದೆ ಇರುತ್ತದೆಯೇ? 2025ರ ಆಗಸ್ಟಿನಲ್ಲಿ ಹಳದಿ ಮಾರ್ಗ ಶುರುವಾಯಿತು, ಈಗ ನಾನೂ ಅದರಲ್ಲಿ ಕಿಟಕಿ ಪಕ್ಕ ಹುಡುಕಿ ಕೂರುವವನೇ. ಧೂಳು ಮಾತ್ರ ವಾಹನಗಳ ಜತೆ ಇನ್ನೂ ಇದೆ.

ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಪಟ್ಟಿಯ ಮೇಲೆ ಕೆಸರಿನ ಗೆರೆ. ಒಣ ಬಟ್ಟೆಯಲ್ಲಿ ಒರೆಸಿದರೆ ಧೂಳು ಇಲ್ಲಿಂದ ಎದ್ದು ಅಲ್ಲಿ ಕೂರುತ್ತದೆ. ನಮ್ಮಾಕೆಗೆ ಮಂಡಿ ನೋವು, ಸ್ಟೂಲ್ ಹತ್ತುವ ಹಾಗಿಲ್ಲ. ನಾನು ಹತ್ತುವುದಕ್ಕೆ ಅವಳ ಒಪ್ಪಿಗೆಯಿಲ್ಲ. ಹಾಗಾಗಿ ಕಳೆದ ದೀಪಾವಳಿಗೆ ಮುಂಚೆ, ಯಾರನ್ನೂ ಕೇಳದೆ, ಫೋನಿನಲ್ಲೇ ಒಂದು ಕೈ ವ್ಯಾಕ್ಯೂಮ್ ಕ್ಲೀನರ್ ತರಿಸಿದೆ. 899 ರೂಪಾಯಿ. ಅಗ್ಗಕ್ಕೆ ಸಿಕ್ಕಿತೆಂದು ಒಳಗೊಳಗೇ ಹಿಗ್ಗಿದ್ದೆ.

ಭಾನುವಾರ ಮಧ್ಯಾಹ್ನ ಅದನ್ನು ಓಡಿಸಿದೆ. ಎಂಟನೇ ತರಗತಿಯ ಮೊಮ್ಮಗ ಪಕ್ಕದಲ್ಲೇ ನಿಂತು ಪಟ್ಟಿಗಳನ್ನು ಎತ್ತಿ ಹಿಡಿದಿದ್ದ. ಯಂತ್ರ ಮುಂದಿನಿಂದ ಧೂಳು ಎಳೆದುಕೊಂಡಿದ್ದೇನೋ ನಿಜ. ಎಳೆದುಕೊಂಡ ಅರ್ಧವನ್ನು ಹಿಂದಿನ ಕಿಂಡಿಯಿಂದ ಹಿಟ್ಟಿನ ಹಾಗೆ ಹಾರಿಸುತ್ತಿತ್ತು. ಬಿಸಿಲಿನ ಕೋಲಿನಲ್ಲಿ ಅದು ಕುಣಿಯುವುದನ್ನು ನೋಡಿ ಇಬ್ಬರೂ ನಕ್ಕೆವು.

ಆ ರಾತ್ರಿ ಎರಡು ಗಂಟೆಗೆ ಅವನಿಗೆ ಉಬ್ಬಸ ಬಂತು. ಚಿಕ್ಕಂದಿನಿಂದ ಇದ್ದದ್ದೇ, ಆದರೆ ಎರಡು ವರ್ಷದಿಂದ ತಣ್ಣಗಿತ್ತು. ಇನ್ಹೇಲರ್‌ಗೆ ಬಗ್ಗಲಿಲ್ಲ. ಮಗ ಸೊಸೆ ಕಾರಿನಲ್ಲಿ ಆಸ್ಪತ್ರೆಗೆ ಓಡಿದರು, ನೆಬ್ಯುಲೈಸರ್ ಹಾಕಿಸಿ ಬೆಳಗಿನ ಐದಕ್ಕೆ ವಾಪಸು ಕರೆತಂದರು. ಅಷ್ಟು ಹೊತ್ತೂ ನಾನು ದೇವರ ಕೋಣೆಯ ಬಾಗಿಲಲ್ಲಿ ಕೂತಿದ್ದೆ. ಮನೆಯಲ್ಲಿ ಯಾರೂ ನನಗೆ ಒಂದು ಮಾತು ಅನ್ನಲಿಲ್ಲ. ಅಂದಿದ್ದರೆ ವಾಸಿಯಿತ್ತು. ಸೊಸೆ ಬೆಳಿಗ್ಗೆ ಎದ್ದು ಸುಮ್ಮನೆ ಅವನ ಹೊದಿಕೆ, ದಿಂಬಿನ ಕವರುಗಳನ್ನು ಬಿಸಿನೀರಿಗೆ ಹಾಕಿದಳು. ನಾನು ಆ ಯಂತ್ರವನ್ನು ಅಟ್ಟಕ್ಕೆ ಸೇರಿಸಿದೆ.

ಎರಡು ತಿಂಗಳು ಬ್ಲೈಂಡ್ಸ್ ಮುಟ್ಟಲಿಲ್ಲ. ಧೂಳು ಪಟ್ಟಿಯ ಮೇಲೆ ಪದರವಾಗಿ ಕೂತಿತು. "ತೆಗೆಸಿಬಿಡೋಣ ಅಪ್ಪ" ಎಂದ ಮಗ. ಆಗ ಮೊಮ್ಮಗ ತಾನೇ ಬಂದು, "ಬೇಡ ತಾತ, ಸರಿಯಾದ ಮಿಷನ್ ತರೋಣ. ವ್ಯಾಕ್ಯೂಮ್ ಕ್ಲೀನರ್ ಕಂಡುಹಿಡಿದೋನಿಗೂ ಉಬ್ಬಸ ಇತ್ತಂತೆ ಗೊತ್ತಾ?" ಎಂದ.

ಗೊತ್ತಿರಲಿಲ್ಲ. ಅವನು ತೋರಿಸಿದ ಮೇಲೆ ನಾನೂ ಓದಿದೆ. ಅಮೆರಿಕದ ಓಹಾಯೊ ರಾಜ್ಯದಲ್ಲಿ ಜೇಮ್ಸ್ ಮರ್ರೆ ಸ್ಪ್ಯಾಂಗ್ಲರ್ ಎಂಬಾತ ಒಂದು ಅಂಗಡಿಯಲ್ಲಿ ಕಸ ಗುಡಿಸುವ ಕೆಲಸ ಮಾಡುತ್ತಿದ್ದ. ಗುಡಿಸಿದಷ್ಟೂ ಏಳುವ ಧೂಳಿಗೆ ಉಬ್ಬಸ ಹೆಚ್ಚುತ್ತಿತ್ತು. ಒಂದು ಫ್ಯಾನ್ ಮೋಟಾರು, ಪೊರಕೆಯ ಹಿಡಿ, ಧೂಳು ತುಂಬಲು ದಿಂಬಿನ ಚೀಲ ಸೇರಿಸಿ ಎಳೆದಾಡಬಲ್ಲ ಯಂತ್ರ ಮಾಡಿಕೊಂಡ. 1908ರಲ್ಲಿ ಪೇಟೆಂಟ್ ಸಿಕ್ಕಿತು. ಅದನ್ನು ಕೊಂಡವರು ಹೂವರ್ ಮನೆತನದವರು. ಅದಕ್ಕೂ ಮೊದಲು, 1901ರಲ್ಲಿ, ಇಂಗ್ಲೆಂಡಿನ ಹ್ಯೂಬರ್ಟ್ ಸೆಸಿಲ್ ಬೂತ್ ಎಂಬ ಎಂಜಿನಿಯರ್ ಮಾಡಿದ ಯಂತ್ರ ಎಷ್ಟು ದೊಡ್ಡದೆಂದರೆ ಅದನ್ನು ಕುದುರೆ ಗಾಡಿಯ ಮೇಲೆ ಎಳೆದು ತಂದು ಬೀದಿಯಲ್ಲಿ ನಿಲ್ಲಿಸಿ, ಉದ್ದನೆಯ ಕೊಳವೆಗಳನ್ನು ಕಿಟಕಿಯಿಂದ ಮನೆಯೊಳಗೆ ಬಿಡುತ್ತಿದ್ದರಂತೆ. ಈ ಬೂತ್ ಒಮ್ಮೆ ಹೋಟೆಲಿನ ಕುರ್ಚಿಯ ಮೇಲೆ ಕರ್ಚೀಫ್ ಹಾಸಿ ಅದಕ್ಕೆ ಬಾಯಿಟ್ಟು ಗಾಳಿ ಎಳೆದನಂತೆ. ಕೆಮ್ಮು ಬಂತು, ಆದರೆ ಕರ್ಚೀಫಿನ ಅಡಿಯಲ್ಲಿ ಧೂಳು ಅಂಟಿತ್ತು! (ಮಕ್ಕಳೇ, ಇದನ್ನು ನೀವು ಮಾಡಿ ನೋಡಬೇಡಿ.) ಈ ಕರ್ಚೀಫು ನನ್ನ ತಲೆಯಲ್ಲಿ ಉಳಿಯಿತು.

ಆಮೇಲೆ ಲೆಕ್ಕದ ಪುಸ್ತಕ ತೆರೆದೆ. ಒಂದು ಬ್ಲೈಂಡಿನಲ್ಲಿ 56 ಪಟ್ಟಿ, ಮೂರಕ್ಕೆ 168, ಎರಡು ಮೈ ಸೇರಿ 336. ಒಂದು ಮೈಗೆ 5 ಸೆಕೆಂಡ್ ಎಂದರೂ 1680 ಸೆಕೆಂಡ್, ಅಂದರೆ 28 ನಿಮಿಷ. ಅಂಗಡಿಯ ಡಬ್ಬಿಗಳ ಮೇಲೆ ಬ್ಯಾಟರಿ 20 ನಿಮಿಷ ಎಂದು ಬರೆದಿದ್ದರೆ ಅದು ನಿಧಾನದ ಓಟದಲ್ಲಿ, ಜೋರಾಗಿ ಓಡಿಸಿದರೆ ಅದರ ಅರ್ಧ. ವೈರಿನ ಯಂತ್ರಕ್ಕೆ ಈ ತಾಪತ್ರಯವಿಲ್ಲ, ಎಳೆತವೂ ಹೆಚ್ಚು. ಆದರೆ ನಡು ಹಾಲಿನಲ್ಲಿ ಎಳೆದ ವೈರಿಗೆ ನಮ್ಮಾಕೆ ಎಡವಿದರೆ? ಆ ಕಾಲಂ ಹೊಡೆದು ಹಾಕಿದೆ.

"ಎಷ್ಟು ಕಿಲೋಪಾಸ್ಕಲ್ ನೋಡಬೇಕು ತಾತ" ಎಂದ ಮೊಮ್ಮಗ. ಅದೇನು ಎಂದರೆ, ಎಳನೀರಿನ ಸ್ಟ್ರಾ ಉದಾಹರಣೆ ಕೊಟ್ಟ. ನಾವು ಎಳನೀರನ್ನು ಎಳೆಯುವುದಿಲ್ಲವಂತೆ. ಸ್ಟ್ರಾ ಒಳಗಿನ ಗಾಳಿ ಕಡಿಮೆ ಮಾಡುತ್ತೇವೆ, ಹೊರಗಿನ ಗಾಳಿ ನೀರನ್ನು ಒತ್ತಿ ಮೇಲಕ್ಕೆ ಕಳಿಸುತ್ತದೆ. ಸಮುದ್ರ ಮಟ್ಟದಲ್ಲಿ ಆ ಒತ್ತಡ ಸುಮಾರು 101 ಕಿಲೋಪಾಸ್ಕಲ್. 900 ಮೀಟರಿಗಿಂತ ಎತ್ತರದಲ್ಲಿರುವ ನಮ್ಮ ಬೆಂಗಳೂರಿನಲ್ಲಿ ಸುಮಾರು 91. ಡಬ್ಬಿಯ ಮೇಲೆ 10 ಎಂದಿದ್ದರೆ ಯಂತ್ರ ಒಳಗಿನ ಒತ್ತಡವನ್ನು ಅಷ್ಟು ಇಳಿಸಬಲ್ಲದು ಎಂದರ್ಥ. ಬಿಕಾಂ ಓದಿದ ನನಗೆ ಇದನ್ನು ಯಾರೂ ಹೇಳಿರಲಿಲ್ಲ.

ಒಂದು ಶನಿವಾರ ಇಬ್ಬರೂ 4ನೇ ಬ್ಲಾಕಿನ ಅಂಗಡಿಗಳಿಗೆ ಹೊರಟೆವು. ಹೊರಡುವ ಮುನ್ನ ನಾನು ಮಾಸ್ಕ್ ಹಾಕಿಕೊಂಡು ಬ್ಲೈಂಡಿನ ಧೂಳನ್ನು ಮೆಲ್ಲಗೆ ಕೆರೆದು, ವಿಭೂತಿ ಕಟ್ಟುವ ಹಾಗೆ ಕಾಗದದಲ್ಲಿ ಪೊಟ್ಟಣ ಕಟ್ಟಿ ಜೇಬಿಗೆ ಹಾಕಿದ್ದೆ. ಇನ್ನೊಂದು ಜೇಬಿನಲ್ಲಿ ಬಿಳಿ ಕರ್ಚೀಫು.

ಅಂಗಡಿಯ ಹುಡುಗ ಮೇಜಿನ ಮೇಲೆ ಥರ್ಮೋಕೋಲ್ ಕಾಳು ಚೆಲ್ಲಿ ಎಳೆದು ತೋರಿಸಿದ. "ಸೂಪರ್ ಪವರ್ ಸಾರ್." ಥರ್ಮೋಕೋಲನ್ನು ನಾನೇ ಎಳೆಯಬಲ್ಲೆ ಎಂದು ಪೊಟ್ಟಣ ಬಿಚ್ಚಿದೆ. ಮೊಮ್ಮಗನನ್ನು ಮೊದಲೇ ಹೊರಗೆ, ಪುಟ್‌ಪಾತಿನ ಆಚೆ ಕಳಿಸಿದ್ದೆ. ಹುಡುಗ ನನ್ನನ್ನೇ ನೋಡಿದ. "ಇದು ಮನೆ ಧೂಳಪ್ಪ, ಇದನ್ನ ಎಳಿಸು" ಎಂದು, ಯಂತ್ರದ ಹಿಂದಿನ ಕಿಂಡಿಗೆ ಕರ್ಚೀಫ್ ಹಿಡಿದೆ. ಮೊದಲನೆಯದು ಅರ್ಧ ನಿಮಿಷದಲ್ಲಿ ಬೂದಿ ಬಣ್ಣದ ಮಚ್ಚೆ ಬಿಟ್ಟಿತು. ಎರಡನೆಯದೂ ಹಾಗೇ, ಅದರ ಡಬ್ಬಿಯ ಮೇಲೆ 'ಹೆಪಾ ಮಾದರಿ' ಎಂದಿತ್ತು. 'ಹೆಪಾ' ಬೇರೆ, 'ಹೆಪಾ ಮಾದರಿ' ಬೇರೆ. ಹೆಪಾ ಎಂದರೆ 0.3 ಮೈಕ್ರಾನಿನಷ್ಟು ಸಣ್ಣ ಕಣಗಳಲ್ಲೂ 99.97% ಹಿಡಿಯಬೇಕು. 'ಮಾದರಿ' ಎಂದರೆ ಅಂಥ ಕಟ್ಟುಪಾಡೇನೂ ಇಲ್ಲ. ಚೆಕ್ಕಿನ ಮೇಲೆ ಸಹಿಯೂ ಸಹಿಯ ಮಾದರಿಯೂ ಒಂದೇ ಆಗುತ್ತದೆಯೇ?

ಅಷ್ಟರಲ್ಲಿ ಮಾಲೀಕರೇ ಎದ್ದು ಬಂದರು. ಬೈಯುತ್ತಾರೆಂದುಕೊಂಡೆ. ಅವರು ಕರ್ಚೀಫ್ ತೆಗೆದು ನೋಡಿ, "ಮನೇಲಿ ಯಾರಿಗೆ ಸಾರ್, ಉಬ್ಬಸ?" ಎಂದರು. ಅವರ ಮಗಳಿಗೂ ಇದೆಯಂತೆ. ಒಳಗಿನಿಂದ ಇನ್ನೊಂದು ತರಿಸಿದರು. 3,200 ರೂಪಾಯಿ, ತೂಕ 700 ಗ್ರಾಂ, ಮುಂದೆ ಮೆತ್ತನೆಯ ಕೂದಲಿನ ಬ್ರಷ್. ಕರ್ಚೀಫು ಬಿಳಿಯಾಗಿಯೇ ಉಳಿಯಿತು. ನಾನು ಅದನ್ನು ತಲೆಯ ಮಟ್ಟಕ್ಕೆ ಎತ್ತಿ ಎರಡು ನಿಮಿಷ ಗಡಿಯಾರ ನೋಡುತ್ತ ನಿಂತೆ. ಬೇರೆ ಗಿರಾಕಿಗಳು ನಕ್ಕರು, ನಗಲಿ. ಭುಜ ನೋಯದಿದ್ದ ಮೇಲೆ ದುಡ್ಡು ಕೊಟ್ಟೆ. ಅಲ್ಲೇ ಇದ್ದ 15 ಕಿಲೋಪಾಸ್ಕಲಿನ ದೈತ್ಯನನ್ನು ಮಾಲೀಕರೇ ಬೇಡವೆಂದಿದ್ದರು. ಅಂಥ ಎಳೆತಕ್ಕೆ ತೆಳು ಪಟ್ಟಿ ಮೇಲೆದ್ದು ಬಾಗುತ್ತದೆ, ಬ್ಲೈಂಡ್ಸ್‌ಗೆ ಜೋರಿಗಿಂತ ಬ್ರಷ್ ಮುಖ್ಯ ಎಂದರು.

ಮನೆಯಲ್ಲಿ ಮೊಮ್ಮಗ ರೂಮಿನ ಬಾಗಿಲು ಹಾಕಿಕೊಂಡು ಒಳಗೆ, ನಾನು ಮಾಸ್ಕ್ ಹಾಕಿಕೊಂಡು ಹಾಲಿನಲ್ಲಿ. ಮೇಲಿನಿಂದ ಒಂದು, ಎರಡು, ಮೂರು ಎಂದು ಪಟ್ಟಿ ಎಣಿಸುತ್ತ ಶುರು ಮಾಡಿದೆ. ನಮ್ಮಾಕೆ ಸೋಫಾದಿಂದ ನೋಡುತ್ತಿದ್ದಳು.

"ಏನ್ರೀ, ಒಂದೊಂದೇ ಎಣಿಸ್ತಾ ಇದ್ದೀರಲ್ಲ, ಅದೇನು ನೋಟಿನ ಕಟ್ಟಾ? ಪಟ್ಟಿ ಎಲ್ಲ ಮುಚ್ಚಿ, ಗೋಡೆ ಒರೆಸಿದ ಹಾಗೆ ಒರೆಸಿ. ಆಮೇಲೆ ಆ ಕಡೆಗೆ ಮಗುಚಿ ಇನ್ನೊಂದು ಸಲ."

ಮುಚ್ಚಿದೆ. ಬ್ರಷ್ ಒಂದೇ ಸಲಕ್ಕೆ ಮೂರು ಪಟ್ಟಿಯನ್ನು ಹಿಡಿಯಿತು. 28 ನಿಮಿಷದ ಲೆಕ್ಕ 10 ನಿಮಿಷದೊಳಕ್ಕೆ ಇಳಿಯಿತು, ಬ್ಯಾಟರಿಯಲ್ಲಿ ಇನ್ನರ್ಧ ಮಿಕ್ಕಿತ್ತು. ಬಿಕಾಂ ಪದವಿಯ ಬಗ್ಗೆ ಅವಳು ಏನೂ ಹೇಳಲಿಲ್ಲ, ಕಾಫಿ ತರಲು ಎದ್ದಳು.

ಆ ರಾತ್ರಿ ನಾನು ಮೂರು ಸಲ ಎದ್ದು ಮೊಮ್ಮಗನ ರೂಮಿನ ಬಾಗಿಲಿಗೆ ಕಿವಿಯಿಟ್ಟೆ. ಮೂರನೆಯ ಸಲ ಒಳಗಿನಿಂದ, "ತಾತ, ಚೆನ್ನಾಗೇ ಉಸಿರಾಡ್ತಾ ಇದ್ದೀನಿ, ಹೋಗಿ ಮಲಕ್ಕೋ" ಎಂಬ ದನಿ ಬಂತು.

ಈಗ ಶನಿವಾರ ಬೆಳಗಿನ ಕೆಲಸ ಅದು. ಧೂಳಿನ ಡಬ್ಬಿಯನ್ನು ಮನೆಯಾಚೆ ಹಳೇ ಪೇಪರಿನ ಮೇಲೆ ಸುರಿಯುತ್ತೇನೆ. ಫಿಲ್ಟರ್ ತೊಳೆದು ಒಂದು ದಿನ ಪೂರ್ತಿ ನೆರಳಿನಲ್ಲಿ ಒಣಗಿಸಬೇಕು, ಒದ್ದೆ ಹಾಕಿದರೆ ಮುಗ್ಗಲು ಹಿಡಿಯುತ್ತದೆ. ಗಾಳಿಯಾಡುವ ಜಾಗವೆಂದರೆ ಅಡುಗೆಮನೆಯ ಕಿಟಕಿಯ ಕಟ್ಟೆ. ಅಲ್ಲಿ ಕಾಫಿ ಫಿಲ್ಟರಿನ ಪಕ್ಕ ಧೂಳಿನ ಫಿಲ್ಟರ್ ಇಟ್ಟದ್ದಕ್ಕೆ ಶುರುವಾದ ಜಗಳ ಇನ್ನೂ ಮುಗಿದಿಲ್ಲ.