ಏರಿಳಿತದ ಮಾರ್ಕ್ಸ್ ಕಾರ್ಡ್, ಜರ್ನಲಿಸಂ ಅರ್ಜಿ (ಭಾಗ 3)

ಫೈನಲ್ ಇಯರ್ ಗೆಳೆಯರೇ, ಕಳೆದ ಪೋಸ್ಟ್ ನೋಡಿ ತುಂಬಾ ಜನ ಕೇಳಿದ್ದು ಒಂದೇ ಪ್ರಶ್ನೆ: "ಮಾರ್ಕ್ಸ್ ಹಿಂಗೆ ಮೇಲೆ ಕೆಳಗೆ ಇದ್ರೆ ಜರ್ನಲಿಸಂ ಪಿಜಿಗೆ ಅಪ್ಲೈ ಮಾಡ್ಬಹುದಾ?"

ಮಾಡ್ಬಹುದು. ನಾನು ಮಾಡಿದೀನಿ. ನನ್ನ ಮಾರ್ಕ್ಸ್ ಕೇಳಿ: ಬಿಕಾಂ ಮೊದಲ ಸೆಮ್ 76%, ಎರಡನೇದು 48, ಮೂರನೇದು 53. ನಾಲ್ಕು, ಐದು ಮತ್ತೆ 70ರ ಮೇಲೆ.

ಮಧ್ಯದ ತಗ್ಗಿಗೆ ಕಾರಣ ಇದೆ. ನಮ್ಮದು ತಿಪಟೂರು ಕಡೆ, ತೆಂಗಿನ ತೋಟ. 2024ರ ಶುರುವಲ್ಲಿ ಅಪ್ಪನಿಗೆ ಬೆನ್ನಿನ ಆಪರೇಷನ್ ಆಯ್ತು. ಅಟ್ಟದ ಕಾಯಿ ಇಳಿಸೋದು, ಸುಲಿಸೋದು, ಕೊಬ್ಬರಿ ಮಾರೋದು ಎಲ್ಲಾ ನನ್ನ ಪಾಲಿಗೆ ಬಂತು. ಆ ವರ್ಷ ಉಂಡೆ ಕೊಬ್ಬರಿಗೆ ಕೇಂದ್ರದ ಬೆಂಬಲ ಬೆಲೆ ಕ್ವಿಂಟಾಲಿಗೆ 12,000 ರೂಪಾಯಿ. ಮಾರುಕಟ್ಟೆ ದರ ಅದಕ್ಕಿಂತ ಕೆಳಗಿತ್ತು. ಖರೀದಿಗೆ ಹೆಸರು ಬರೆಸೋ ಸಾಲಲ್ಲಿ ಪಕ್ಕದಲ್ಲಿದ್ದ ಅಜ್ಜ ಕೇಳಿದ್ರು, "ಪೇಪರಲ್ಲಿ ಹನ್ನೆರಡು ಸಾವಿರ ಅಂತಾರೆ, ನನ್ ಕೈಗೆ ಯಾಕವ್ವ ಬರಲ್ಲ?"

ಕಾಮರ್ಸ್ ಓದೋ ನನಗೂ ಉತ್ತರ ಗೊತ್ತಿರ್ಲಿಲ್ಲ. ಕೇಳ್ತಾ ಹೋದಾಗ ತಿಳೀತು: ಬೆಂಬಲ ಬೆಲೆ ಅಂದ್ರೆ ವರ್ತಕರು ಕೊಡಲೇಬೇಕಾದ ದರ ಅಲ್ಲ. ಸರ್ಕಾರದ ಪರವಾಗಿ ಕೊಳ್ಳೋ ಸಂಸ್ಥೆ ಕೊಡೋ ದರ. ಅದಕ್ಕೂ ಒಬ್ಬ ರೈತನಿಗೆ ಇಷ್ಟೇ ಅಂತ ಮಿತಿ, ಇಷ್ಟೇ ದಿನ ಅಂತ ಗಡುವು. ಅದನ್ನೇ ನಾಲ್ಕು ಪುಟ ಬರೆದು ಕಾಲೇಜಿನ ಗೋಡೆ ಪತ್ರಿಕೆಗೆ ಕೊಟ್ಟೆ. ಜರ್ನಲಿಸಂ ಓದ್ಬೇಕು ಅನ್ನಿಸಿದ್ದು ಅವತ್ತೇ.

ಅಂದ್ರೆ ನನ್ನ ಮಾರ್ಕ್ಸ್ ಬಿದ್ದ ಜಾಗವೂ, ಈ ಆಸೆ ಹುಟ್ಟಿದ ಜಾಗವೂ ಒಂದೇ.

ಅರ್ಜಿ ಜೊತೆ 'ಯಾಕೆ ಈ ಕೋರ್ಸ್' ಅಂತ ಬರೆಯೋಕೆ ಕೂತಾಗ ಅಪ್ಪ ಒಂದೇ ಮಾತು ಹೇಳಿದ್ರು: "ನನ್ನ ಬೆನ್ನು ತೋರಿಸಿ ಸೀಟು ಕೇಳ್ಬೇಡ ಮಗಳೇ." ಆ ಮಾತು ನಾಟಿತು. ಅದಕ್ಕೆ ವರದಿ ಬರೆದ ಹಾಗೇ ಬರೆದೆ. ಎರಡು ಸೆಮಿಸ್ಟರಿನ ಅಂಕಿ ಒಂದು ಸಾಲು. ಮನೆಯ ಜವಾಬ್ದಾರಿ ಒಂದು ಸಾಲು. ಉಳಿದ ಪುಟವೆಲ್ಲ ಆ ಅಜ್ಜನ ಪ್ರಶ್ನೆ, ನಾನು ಹುಡುಕಿದ ಉತ್ತರ.

ನಿಮಗೂ ಉಪಯೋಗಕ್ಕೆ ಬರೋ ನಾಲ್ಕು ಮಾತು:

👉 ಚೆನ್ನೈನ ಏಷ್ಯನ್ ಕಾಲೇಜ್ ಆಫ್ ಜರ್ನಲಿಸಂಗೆ ಯಾವ ವಿಷಯದ ಡಿಗ್ರಿ ಆದ್ರೂ ಸರಿ. ಅಲ್ಲಿ ಪ್ರವೇಶ ಪರೀಕ್ಷೆ, ಸಂದರ್ಶನ ಎರಡೂ ಇರುತ್ತೆ.
👉 ನಮ್ಮ ವಿಶ್ವವಿದ್ಯಾಲಯಗಳ ಎಂಎಗೆ ಕನಿಷ್ಠ ಶೇಕಡಾವಾರು ಕೇಳ್ತಾರೆ, ಮೀಸಲಾತಿಗೆ ತಕ್ಕಂತೆ ಬದಲಾಗುತ್ತೆ. ಒಂದು ಸೆಮ್ ನೋಡಿ ಹೆದರ್ಬೇಡಿ, ಒಟ್ಟು ಲೆಕ್ಕ ಹಾಕಿ, ಆ ವರ್ಷದ ಅಧಿಸೂಚನೆ ಓದಿ.
👉 ಏನಾದ್ರೂ ಬರೆದಿದ್ರೆ ಜೋಪಾನವಾಗಿ ಇಟ್ಕೊಳ್ಳಿ. ಗೋಡೆ ಪತ್ರಿಕೆ ಆದ್ರೂ ಪರವಾಗಿಲ್ಲ.
👉 ಬಿಕಾಂ ಅಂತ ಸಂಕೋಚ ಬೇಡ. 1992ರಲ್ಲಿ ಸುಚೇತಾ ದಲಾಲ್ ಹರ್ಷದ್ ಮೆಹ್ತಾ ಹಗರಣ ಬಯಲಿಗೆಳೆದದ್ದು ಬ್ಯಾಂಕಿನ ಲೆಕ್ಕ ಅರ್ಥ ಮಾಡ್ಕೊಂಡು. ಬ್ಯಾಲೆನ್ಸ್ ಶೀಟ್ ಓದೋಕೆ ಬರೋದು ಈ ಕೆಲಸದಲ್ಲಿ ದೊಡ್ಡ ಬಂಡವಾಳ.

ಸೀಟು ಸಿಗುತ್ತೋ ಇಲ್ವೋ, ರಿಸಲ್ಟ್ ಇನ್ನೂ ಬಂದಿಲ್ಲ. ಸಂದರ್ಶನದಲ್ಲಿ "ಎರಡನೇ ಸೆಮಲ್ಲಿ ಏನಾಯ್ತು?" ಅಂದ್ರೆ ತಲೆ ತಗ್ಗಿಸಲ್ಲ. ಕೊಬ್ಬರಿ ದರದಿಂದ ಶುರು ಮಾಡ್ತೀನಿ.

ನಿಮ್ಮ ಕಾರ್ಡಲ್ಲೂ ಇಂಥ ತಗ್ಗಿದ್ಯಾ? ಆ ತಿಂಗಳುಗಳಲ್ಲಿ ನೀವು ಏನು ಕಲಿತ್ರಿ, ಒಂದೇ ಸಾಲಲ್ಲಿ ಕಾಮೆಂಟ್ ಮಾಡಿ. ನಿಮ್ಮ ಅರ್ಜಿಯ ಮೊದಲ ಸಾಲು ಅದೇ ಆಗ್ಬಹುದು. 🥥